ಕೊಬ್ಬರಿ ಅಟ್ಟದ ಕೆಳಗೊಂದು ಗೇಮ್

ತಿಪಟೂರಿನಿಂದ ತುರುವೇಕೆರೆ ಕಡೆಗೆ ಹೊರಟರೆ ಪೇಟೆಯ ಗದ್ದಲ ಕಿವಿಯಿಂದ ಇಳಿಯುವ ಮೊದಲೇ ತೆಂಗು ಎದುರಾಗುತ್ತದೆ. ರಸ್ತೆಯ ಎರಡೂ ಬದಿಗೆ, ಕೆರೆ ಏರಿಯ ಹಿಂದೆ, ತೂಬಿನ ಕೆಳಗೆ, ರಾಗಿ ಹೊಲದ ಬದುವಿನಲ್ಲಿ, ಮನೆಗಳ ಹಿತ್ತಿಲಲ್ಲಿ, ಕಣ್ಣು ಹಾಯುವಷ್ಟು ದೂರವೂ ಅದೇ ಬೂದು ಕಾಂಡ, ಅದೇ ಹಸಿರು ತಲೆ. ಡಾಂಬರು ಬಿಟ್ಟು ಕೆಂಪುಮಣ್ಣಿನ ಗಾಡಿದಾರಿಗೆ ತಿರುಗಿಕೊಂಡರೆ ಗರಿಗಳ ಸಂದಿನಿಂದ ಬಿಸಿಲು ಚೂರುಚೂರಾಗಿ ನೆಲಕ್ಕೆ ಬಿದ್ದಿರುತ್ತದೆ. ಗಾಳಿ ಬೀಸಿದಾಗ ಆ ಚೂರುಗಳೆಲ್ಲ ಒಟ್ಟಿಗೆ ಜಾಗ ಬದಲಿಸುತ್ತವೆ. ಬನ್ನಿ, ಅಕ್ಕನ ಮನೆಯ ತೋಟ ಇಲ್ಲೇ. ಇವತ್ತು ಅಟ್ಟದಿಂದ ಕಾಯಿ ಇಳಿಸುತ್ತಿದ್ದಾರೆ.

ಮನೆ ಕಾಣುವುದಕ್ಕಿಂತ ಮೊದಲು ಅದರ ಸದ್ದು ಕೇಳುತ್ತದೆ. ನೆಲದಲ್ಲಿ ನೆಟ್ಟ ಹಾರೆಯ ಮೊನೆಗೆ ಕಾಯಿ ಬಡಿದಾಗ ಒಂದು ‘ಕಚಕ್’, ತಿರುಚಿ ಒತ್ತಿದಾಗ ಒಣಗಿದ ಮಟ್ಟೆ ಸೀಳುವ ‘ಚರ್ರ್’, ಸುಲಿದ ಕಾಯಿ ರಾಶಿಗೆ ಬಿದ್ದಾಗ ‘ಟಕ್’. ಸುಲಿಯುವ ಅಣ್ಣ ಸೊಂಟ ಬಗ್ಗಿಸಿ ನಿಂತಿದ್ದಾರೆ. ಕೈ ಒಂದು ಕಾಯಿಯ ಮೇಲಿದ್ದರೆ ಕಣ್ಣು ಆಗಲೇ ಮುಂದಿನ ಕಾಯಿಯ ಮೇಲಿರುತ್ತದೆ. ಮಟ್ಟೆ ಎಡಕ್ಕೆ, ಕಾಯಿ ಬಲಕ್ಕೆ. ಅವರ ಬೆವರಿನ ಮೈಗೆಲ್ಲ ಕಂದು ದೂಳು ಮೆತ್ತಿಕೊಂಡಿದೆ. ಗಾಳಿಯಲ್ಲಿ ವರ್ಷದ ಹಳೆಯ ಮಟ್ಟೆಯ ಒಣ ವಾಸನೆ, ಅದರ ನಡುವೆ ಚಿಪ್ಪು ಒಡೆದಾಗ ಏಳುವ ಕೊಬ್ಬರಿಯ ಎಣ್ಣೆಗಂಪು, ಹಿತ್ತಿಲ ಕಡೆಯಿಂದ ಹಂಡೆ ಒಲೆಯ ಹೊಗೆ. ಸ್ವಲ್ಪ ಆಚೆ ನೆರಳಲ್ಲಿ ಅಕ್ಕ ಮತ್ತು ಇಬ್ಬರು ಹೆಂಗಸರು ಮಚ್ಚಿನ ಹಿಂಬದಿಯಿಂದ ಚಿಪ್ಪಿಗೆ ತಟ್ಟಿ, ಒಳಗಿನ ಉಂಡೆಗೆ ಪೆಟ್ಟಾಗದಂತೆ ಗಿಟಕು ಬಿಡಿಸುತ್ತಿದ್ದಾರೆ. ಮಾತು ನಡೆದೇ ಇದೆ, ಕೈ ನಿಲ್ಲುವುದಿಲ್ಲ.

ಆ ರಾಶಿಯ ಪಕ್ಕದಲ್ಲೇ, ಮಡಚಿದ ಗೋಣಿಚೀಲದ ಮೇಲೆ ಹಳೆಯ ಲ್ಯಾಪ್‌ಟಾಪ್ ಒಂದು ತೆರೆದು ಕೂತಿದೆ. ಅದರ ಸುತ್ತ ನಾಲ್ಕು ತಲೆ. ಅಕ್ಕನ ಮಗ ತಿಪಟೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಅವನ ಜೊತೆ ತುರುವೇಕೆರೆಯ ಒಬ್ಬ ಗೆಳೆಯ, ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬಳು ಸಹಪಾಠಿ, ಮತ್ತೆ ಹೈಸ್ಕೂಲಿನಲ್ಲಿರುವ ತಂಗಿ. ತಂಗಿಯ ತೊಡೆಯ ಮೇಲೆ ರೂಲ್ಡ್ ನೋಟ್‌ಬುಕ್. ಪುಟದ ನೆತ್ತಿಯಲ್ಲಿ ‘ಐಟಂ’ ಎಂದು ದಪ್ಪಗೆ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ನಾವು ಆ ಕಲ್ಲುಚಪ್ಪಡಿಯ ಮೇಲೆ ಕೂರೋಣ; ಅವರ ಕೆಲಸಕ್ಕೆ ಅಡ್ಡಿಯಾಗುವುದು ಬೇಡ.

ಪರದೆಯ ಮೇಲಿರುವುದು ಲುವಾಂಟಿ. ಚೌಕ ಚೌಕ ಬ್ಲಾಕುಗಳಿಂದಲೇ ಕಟ್ಟಿದ ಜಗತ್ತು. ಅಗೆಯಬಹುದು, ಕಡಿಯಬಹುದು, ಪೇರಿಸಬಹುದು. 2023ರ ಹೊತ್ತಿಗೆ 30 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ ಮೈನ್‌ಕ್ರಾಫ್ಟ್ ಗೊತ್ತಿದ್ದವರಿಗೆ ಇದರ ರೂಪ ಹೊಸದಲ್ಲ. ಫಿನ್ಲೆಂಡಿನ ಪೆರ್ಟು ಅಹೋಲಾ ಎಂಬ ಪ್ರೋಗ್ರಾಮರ್ 2010ರಲ್ಲಿ ಮೈನ್‌ಟೆಸ್ಟ್ ಎಂಬ ಹೆಸರಿನಲ್ಲಿ ಇದನ್ನು ಶುರುಮಾಡಿದರು. 2024ರಲ್ಲಿ ಹೆಸರು ಲುವಾಂಟಿ ಆಯಿತು. ಕಾಸು ಕೊಡಬೇಕಿಲ್ಲ, ಒಳಗಿನ ಕೋಡ್ ಯಾರಿಗಾದರೂ ತೆರೆದಿದೆ, ಹಳೆಯ ಯಂತ್ರದಲ್ಲೂ ಓಡುತ್ತದೆ. ಮೂಲ ಗೇಮಿಗೆ ಕೈ ಹಚ್ಚದೆ ಪಕ್ಕದಲ್ಲೊಂದು ಫೋಲ್ಡರ್ ಇಟ್ಟು ಹೊಸ ಮರ, ಹೊಸ ಹತ್ಯಾರು, ಹೊಸ ತಿನಿಸು ಸೇರಿಸಬಹುದು. ಆ ಫೋಲ್ಡರನ್ನೇ ಮಾಡ್ ಅನ್ನುತ್ತಾರೆ. ಈ ಹುಡುಗರಿಗೆ ಅದರ ರುಚಿ ಹತ್ತಿದ್ದು ಮೊಬೈಲಿನಲ್ಲಿ. ಇಂಡೋನೇಷ್ಯಾದ ಮಲೆಯೋ ಸಂಸ್ಥೆ 2017ರಲ್ಲಿ ಬಿಟ್ಟ ಬಸ್ ಓಡಿಸುವ ಗೇಮಿನಲ್ಲಿ ಆ ದೇಶದ ಬಸ್ಸಿಗೆ ನಮ್ಮ ಕೆಎಸ್‌ಆರ್‌ಟಿಸಿ ಕೆಂಪು ಬಣ್ಣ ಬಳಿದು, ಹಣೆಗೆ ಊರ ಹೆಸರು ಹಚ್ಚಿ ಓಡಿಸುವ ಹುಡುಗರು ಕರ್ನಾಟಕದ ಹಲವು ಊರುಗಳಲ್ಲಿ ಇದ್ದಾರೆ. ಬಣ್ಣ ಬಳಿದು ಕೈ ಪಳಗಿದ ಮೇಲೆ ಈಗ ತೋಟವನ್ನೇ ಕಟ್ಟುವ ಆಸೆ ಹುಟ್ಟಿದೆ.

ಬ್ಲಾಕಿನ ಲೋಕದಲ್ಲಿ ತೆಂಗು ಇಲ್ಲದೇ ಇಲ್ಲ. ಎಥೀರಿಯಲ್, ಮೋರ್‌ಟ್ರೀಸ್ ಎಂಬ ಹೆಸರಾದ ಮಾಡ್‌ಗಳಲ್ಲಿ ಆಗಲೇ ಇದೆ. ಆದರೆ ಅಲ್ಲಿ ಅದು ನೀರಿನ ದಡದ ಮರಳಿನ ಮರ. ಕಾಯಿ ಕಿತ್ತರೆ ಒಂದು ತಿನಿಸು, ಸ್ವಲ್ಪ ಹಾಲು, ಹೆಚ್ಚುಕಡಿಮೆ ಅಲ್ಲಿಗೆ ಅದರ ಕಥೆ ಮುಗಿಯುತ್ತದೆ. ಸಮುದ್ರದಿಂದ ಇಷ್ಟು ದೂರ, ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಎತ್ತರದ ಈ ಬಯಲುಸೀಮೆಯ ಕೆಂಪು ಮಣ್ಣಿನಲ್ಲಿ, ಕೆರೆಯ ಬಸಿನೀರು ಮತ್ತು ಬೋರ್‌ವೆಲ್ ನಂಬಿಕೊಂಡು ನಿಂತ ತೆಂಗು ಯಾವ ಗೇಮಿನಲ್ಲೂ ಅವರ ಕಣ್ಣಿಗೆ ಬಿದ್ದಿಲ್ಲ. ಮರ ಒಂದೇ ಆದರೂ ಅದರ ಸುತ್ತಲ ಬದುಕು ಬೇರೆ.

ಪಟ್ಟಿಯ ಮೊದಲ ಸಾಲುಗಳನ್ನು ನೋಡಿ: ಬೆಂಕಿ ಉಗುಳುವ ಮಚ್ಚು, ಕುಡಿದರೆ ಹಾರಾಡಿಸುವ ಎಳನೀರು, ಸಿಡಿಯುವ ಕಾಯಿ. ಉತ್ಸಾಹದಲ್ಲಿ ಬರೆದದ್ದು, ಮೂರಕ್ಕೂ ಈಗ ಅಡ್ಡಗೆರೆ ಬಿದ್ದಿದೆ. ಇಂಥವು ಎಲ್ಲ ಗೇಮಿನಲ್ಲೂ ಇವೆ, ಹೆಸರು ಬದಲಿಸಿದರೆ ಅದು ನಮ್ಮದಾಗುವುದಿಲ್ಲ ಎಂದು ಚಿಕ್ಕನಾಯಕನಹಳ್ಳಿಯ ಹುಡುಗಿ ತಕರಾರು ತೆಗೆದಳಂತೆ. ಅವಳು ಪುಟದ ಅಂಚಿನಲ್ಲಿ ನಾಲ್ಕು ಪ್ರಶ್ನೆ ಬರೆದಿಟ್ಟಿದ್ದಾಳೆ. ಎಲ್ಲಿ ಸಿಗುತ್ತೆ? ಯಾವುದರಿಂದ ಆಗುತ್ತೆ? ಏನು ಕೆಲಸಕ್ಕೆ ಬರುತ್ತೆ? ಯಾವಾಗ ಸವೆಯುತ್ತೆ? ಈ ನಾಲ್ಕಕ್ಕೂ ಉತ್ತರ ಸಿಕ್ಕ ವಸ್ತು ಮಾತ್ರ ಐಟಂ. ಉತ್ತರ ಬೇಕಾದಾಗ ಅವರು ಪರದೆಯಿಂದ ತಲೆಯೆತ್ತಿ ಕಣದ ಕಡೆ ನೋಡುತ್ತಾರೆ. ಉತ್ತರ ಅಲ್ಲಿದೆ.

‘ಅಪ್ಪಾ, ಸಸಿ ಎಷ್ಟು ದೂರಕ್ಕೆ ನೆಡೋದು?’ ಎಂದು ಅಕ್ಕನ ಮಗ ಕೂಗುತ್ತಾನೆ. ಅಟ್ಟದ ಮೇಲಿಂದ ಭಾವನ ದನಿ ಬರುತ್ತದೆ: ‘ಮೂವತ್ತಡಿ ಬಿಡ್ಬೇಕು ಕಣೋ. ಗರಿಗೆ ಗರಿ ತಾಗಿದ್ರೆ ಎರಡೂ ಮರ ಕೆಟ್ಟ ಹಾಗೆ.’ ಮೂವತ್ತಡಿ ಅಂದರೆ ಸುಮಾರು 9 ಮೀಟರ್. ಗೇಮಿನ ಒಂದು ಬ್ಲಾಕ್ ಒಂದು ಮೀಟರಿಗೆ ಸಮ. ತಂಗಿ ಬರೆದುಕೊಳ್ಳುತ್ತಾಳೆ: ಒಂಬತ್ತು ಬ್ಲಾಕಿಗಿಂತ ಹತ್ತಿರ ನೆಟ್ಟರೆ ಇಳುವರಿ ಇಳಿಯಬೇಕು. ತಿಪಟೂರು ಟಾಲ್ ಎಂದು ತಜ್ಞರು ಕರೆಯುವ ಈ ಎತ್ತರದ ತಳಿ ಮೊದಲ ಫಸಲಿಗೆ ಆರೇಳು ವರ್ಷ ತೆಗೆದುಕೊಳ್ಳುತ್ತದೆ. ಆಮೇಲೆ ತಿಂಗಳಿಗೊಂದರಂತೆ ಗರಿ ಬಿಚ್ಚಿಕೊಳ್ಳುತ್ತದೆ, ಗರಿಯ ಕಂಕುಳಲ್ಲೊಂದು ಹೊಂಬಾಳೆ ಒಡೆಯುತ್ತದೆ, ಹೊಂಬಾಳೆಯ ಕಾಯಿ ಬಲಿಯಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಹಾಗಾಗಿ ತಲೆಯೆತ್ತಿ ನೋಡಿದರೆ ಒಂದೇ ಮರದಲ್ಲಿ ವರ್ಷದ ಹನ್ನೆರಡೂ ತಿಂಗಳು ಜೋತುಬಿದ್ದಿರುತ್ತವೆ: ಮೇಲೆ ಹೊಂಬಾಳೆ, ಅದರ ಕೆಳಗೆ ಕುರುಂಬೆ, ಆಮೇಲೆ ಎಳನೀರಿನ ಗೊನೆ, ಎಲ್ಲಕ್ಕಿಂತ ಕೆಳಗೆ ಬಲಿತ ಕಾಯಿ. ತುರುವೇಕೆರೆಯ ಹುಡುಗ ಇದನ್ನು ಬೆರಳಿಟ್ಟು ಎಣಿಸಿ, ‘ಅಂದ್ರೆ ಒಂದು ಮರ, ನಾಲ್ಕು ಐಟಂ, ಯಾವ ಗೊನೆ ಕಡೀತೀವೋ ಅದು’ ಅನ್ನುತ್ತಾನೆ. ಅವಸರಪಟ್ಟು ಎಳನೀರು ಇಳಿಸಿದವನಿಗೆ ಕೊಬ್ಬರಿ ಇಲ್ಲ. ಕಾದವನಿಗೆ ಬಾಯಾರಿಕೆಗೆ ಏನೂ ಇಲ್ಲ. ಆಟಗಾರ ಆಯ್ಕೆ ಮಾಡಿಕೊಳ್ಳಬೇಕು. ಒಳ್ಳೆಯ ಗೇಮಿಗೆ ಬೇಕಾದದ್ದೂ ಇಂಥದೇ ಇಕ್ಕಟ್ಟು.

ಹತ್ಯಾರುಗಳ ಪುಟ ಬೇಗ ತುಂಬುತ್ತದೆ. ನೆಲದಲ್ಲೇ ನಿಂತು ಕಾಯಿ ಕೀಳುವ ಉದ್ದನೆಯ ಬಿದಿರ ದೋಟಿ, ತುದಿಗೆ ಬಿಗಿದ ಕುಡುಗೋಲು. ಮಚ್ಚು. ಸುಲಿಯುವ ಹಾರೆ, ಇದನ್ನು ಕೈಯಲ್ಲಿ ಹಿಡಿದರೆ ಉಪಯೋಗವಿಲ್ಲ, ನೆಲಕ್ಕೆ ನೆಟ್ಟ ಮೇಲೆ ಮಾತ್ರ ಕೆಲಸ ಮಾಡಬೇಕು. ಪಾದ ಇಟ್ಟು ಒಂದೊಂದೇ ಹೆಜ್ಜೆ ಮೇಲೇರುವ ಮರ ಹತ್ತುವ ಯಂತ್ರವೂ ಬೇಕು. ಕಾಯಿ ಕೀಳುವವರು ಸಿಗುವುದು ಕಷ್ಟವಾಗುತ್ತ ಬಂದಾಗ ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ಹಂಚಿದ್ದು ಇದೇ ಯಂತ್ರವನ್ನು. ಲುವಾಂಟಿಯಲ್ಲಿ ಪ್ರತಿ ಹತ್ಯಾರಿಗೂ ಸೊನ್ನೆಯಿಂದ 65,535ರವರೆಗೆ ಸವೆತದ ಲೆಕ್ಕವಿದೆ. ಲೆಕ್ಕ ತುಂಬಿದ ಕೂಡಲೇ ಹತ್ಯಾರು ಮಾಯ. ಇದನ್ನು ಕೇಳಿ ಸುಲಿಯುವ ಅಣ್ಣ ಮೊದಲ ಸಲ ಕೆಲಸ ನಿಲ್ಲಿಸಿ, ‘ಮಚ್ಚು ಸವೆದ್ರೆ ಯಾರಾದ್ರೂ ಬಿಸಾಕ್ತಾರೇನಪ್ಪಾ? ಸಾಣೆ ಹಿಡೀರಿ. ಕಾವು ಮುರಿದ್ರೆ ಬೇರೆ ಕಾವು ಹಾಕ್ಸಿ’ ಅಂದರು. ಹಾಗಾಗಿ ಸಾಣೆಕಲ್ಲು ಪಟ್ಟಿಗೆ ಬಂತು. ಸವೆದ ಮಚ್ಚಿಗೆ ಅದನ್ನು ಉಜ್ಜಿದರೆ ಲೆಕ್ಕ ಹಿಂದಕ್ಕೆ ಸರಿಯಬೇಕು. ಹತ್ತಾರು ವರ್ಷ ಒಂದೇ ಮಚ್ಚನ್ನು ಕಾಪಾಡಿಕೊಂಡ ಮನುಷ್ಯ ಹೇಳಿದ್ದರಿಂದ ಗೇಮಿನ ಒಂದು ನಿಯಮವೇ ಬದಲಾಯಿತು.

ಈಗ ಅಟ್ಟದ ಕೆಳಗೆ ಬನ್ನಿ, ತಲೆ ತಗ್ಗಿಸಿ. ಮೇಲೆ ಅಡ್ಡಪಟ್ಟಿಗಳ ಸಂದಿನಿಂದ ಮಟ್ಟೆ ಸಮೇತದ ಕಾಯಿಗಳ ಬುಡ ಕಾಣುತ್ತದೆ, ಸಾಲು ಸಾಲು, ಬೂದು ಹಿಡಿದ ಕಂದು. ಇಲ್ಲಿಯ ಉಂಡೆ ಕೊಬ್ಬರಿಯನ್ನು ಕಾಯಿ ಒಡೆದು ಬಿಸಿಲಿಗೆ ಹರವಿ ಮಾಡುವುದಿಲ್ಲ. ಬಲಿತ ಕಾಯಿ ಮಟ್ಟೆಯೊಳಗೇ, ನೆರಳಲ್ಲೇ, ಹತ್ತು ಹನ್ನೊಂದು ತಿಂಗಳು ಸುಮ್ಮನೆ ಕೂರಬೇಕು. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಒಣಗಿ ಕುಗ್ಗಿ ಚಿಪ್ಪಿನಿಂದ ಬಿಡಬೇಕು. ಆಯಿತೋ ಇಲ್ಲವೋ ಎಂದು ತಿಳಿಯಲು ಒಡೆದು ನೋಡುವ ಹಾಗಿಲ್ಲ. ಒಡೆದರೆ ಆ ಕಾಯಿ ಹೋಯಿತು. ಭಾವ ಒಂದು ಕಾಯಿ ಎತ್ತಿ ಕಿವಿಯ ಪಕ್ಕ ಹಿಡಿದು ಅಲ್ಲಾಡಿಸುತ್ತಾರೆ. ‘ಬುಳಕ್’ ಅಂದರೆ ನೀರಿದೆ, ಮೇಲೇ ಇರಲಿ. ಮಂದವಾಗಿ ಕುಲುಕಿದರೆ ನೀರು ಇಂಗುತ್ತಿದೆ. ‘ಗಡಗಡ’ ಅಂದರೆ ಒಳಗೆ ಉಂಡೆ ಬಿಟ್ಟಿದೆ, ಇಳಿಸಬಹುದು. ಕಾಯಿ ನನ್ನ ಕೈಗೂ ಬಂತು. ಮಟ್ಟೆ ಹಗುರ, ಮುಟ್ಟಿದರೆ ಗರಗರ, ಅಲ್ಲಾಡಿಸಿದಾಗ ಒಳಗಿನ ಉಂಡೆ ಚಿಪ್ಪಿನ ಗೋಡೆಗೆ ತಾಗಿದ ಪೆಟ್ಟು ಅಂಗೈಗೇ ತಿಳಿಯುತ್ತದೆ.

ನಾಲ್ವರೂ ಲ್ಯಾಪ್‌ಟಾಪ್ ಬಿಟ್ಟು ಎದ್ದು ಬಂದರು. ತಂಗಿ ಮೊಬೈಲ್ ಹಿಡಿದು, ಎಲ್ಲರ ಬಾಯಿ ಮುಚ್ಚಿಸಿ, ಸುಲಿಯುವ ಅಣ್ಣನಿಗೂ ಕೈಸನ್ನೆ ಮಾಡಿ ನಿಲ್ಲಿಸಿ, ಮೂರು ಸದ್ದನ್ನೂ ರೆಕಾರ್ಡ್ ಮಾಡಿಕೊಂಡಳು. ಇದೇ ಅವರ ಗೇಮಿನ ಮುಖ್ಯ ಐಟಂ ಆಗಲಿದೆ: ಅಟ್ಟದ ಕಾಯಿ. ನೋಡಲು ಮೂರು ಹಂತದಲ್ಲೂ ಅದೇ ಚಿತ್ರ, ಹೆಸರಿನಲ್ಲೂ ವ್ಯತ್ಯಾಸವಿಲ್ಲ. ಆಟಗಾರ ಅದನ್ನು ಅಲ್ಲಾಡಿಸಿ, ಕಿವಿಗೊಟ್ಟು, ತಾನೇ ನಿರ್ಧರಿಸಬೇಕು. ಮುಂಚೆಯೇ ಒಡೆದರೆ ಬರೀ ಹಸಿ ಹೋಳು. ಅಟ್ಟಕ್ಕೆ ಮಳೆನೀರು ಸೋರಲು ಬಿಟ್ಟರೆ ಕೌಟು ಕೊಬ್ಬರಿ. ಸರಿಯಾದ ಹೊತ್ತಿಗೆ ಒಡೆದರೆ ದುಂಡನೆಯ ಗಿಟಕು. ಕಣ್ಣಿಗೆ ಕಾಣುವ ಸಂಖ್ಯೆ, ಬಣ್ಣದ ಪಟ್ಟಿ ಏನೂ ಇಲ್ಲದೆ ಕಿವಿಯನ್ನೇ ನಂಬುವ ವಸ್ತು ಗೇಮುಗಳಲ್ಲಿ ಅಪರೂಪ. ಇಲ್ಲಿ ಅದನ್ನು ಯಾರೂ ಹೊಸದಾಗಿ ಕಂಡುಹಿಡಿಯಬೇಕಾಗಲಿಲ್ಲ, ಭಾವನ ಕಿವಿಯ ಪಕ್ಕದಲ್ಲೇ ಇತ್ತು.

ಕಾಲದ ಲೆಕ್ಕದಲ್ಲಿ ಮಾತ್ರ ದೊಡ್ಡ ವಾದವೇ ನಡೆಯಿತು. ಲುವಾಂಟಿಯ ಒಂದು ಹಗಲು ರಾತ್ರಿ ನಮ್ಮ 20 ನಿಮಿಷಕ್ಕೆ ಮುಗಿಯುತ್ತದೆ. ಹನ್ನೊಂದು ತಿಂಗಳನ್ನು 330 ದಿನ ಎಂದು ಹಿಡಿದರೆ 6,600 ನಿಮಿಷ, ಅಂದರೆ 110 ಗಂಟೆ ಆಟ. ಯಾರೂ ಕಾಯುವುದಿಲ್ಲ ಎಂದು ತುರುವೇಕೆರೆಯ ಹುಡುಗ. ಕಾಯುವುದೇ ಕೊಬ್ಬರಿಯ ಗುಣ, ಅದನ್ನು ತೆಗೆದರೆ ಉಳಿಯುವುದೇನು ಎಂದು ಚಿಕ್ಕನಾಯಕನಹಳ್ಳಿಯ ಹುಡುಗಿ. ಕೊನೆಗೆ ತಿಂಗಳಿಗೆ ಗೇಮಿನ ಒಂದು ದಿನ ಎಂದು ರಾಜಿಯಾಯಿತು. ಮೂರು ಮುಕ್ಕಾಲು ಗಂಟೆಗೆ ಹತ್ತಿರದ ಕಾಯುವಿಕೆ. ಆ ಹೊತ್ತಿನಲ್ಲಿ ಆಟಗಾರ ತೋಟದ ಬೇರೆ ಕೆಲಸ ನೋಡಿಕೊಳ್ಳಬೇಕು, ರೈತ ಮಾಡುವುದೂ ಅದನ್ನೇ ತಾನೆ.

ಇನ್ನೊಂದು ತೊಡಕು ಕೋಡಿನದು. ಗೇಮಿನಲ್ಲಿ ಒಂದೇ ಬಗೆಯ 99 ವಸ್ತು ಒಂದು ಖಾನೆಯಲ್ಲಿ ಹಿಡಿಯುತ್ತವೆ. ಆದರೆ ಪ್ರತಿ ಕಾಯಿಯೂ ತಾನು ಅಟ್ಟ ಏರಿದ ದಿನವನ್ನು ನೆನಪಿಟ್ಟುಕೊಂಡರೆ ಬೇರೆ ಬೇರೆ ದಿನದ ಕಾಯಿಗಳು ಒಂದೇ ಖಾನೆಗೆ ಸೇರುವುದಿಲ್ಲ. ಚೀಲವೆಲ್ಲ ಒಂಟಿ ಕಾಯಿಗಳಿಂದ ತುಂಬಿಹೋಗುತ್ತದೆ. ಇದನ್ನು ಕೇಳಿಸಿಕೊಂಡ ಭಾವ, ‘ಒಂದೊಂದು ಕಾಯಿಗೆ ಯಾರು ಲೆಕ್ಕ ಇಡ್ತಾರೆ? ಕೊಯ್ಲಿಗೊಂದು ಅಂಕಣ. ಆ ಅಂಕಣಕ್ಕೆ ಯಾವಾಗ ತುಂಬಿದ್ವಿ ಅಂತ ನೆನಪಿಟ್ಕೊಂಡ್ರೆ ಸಾಕು’ ಅಂದರು. ಲೆಕ್ಕ ಕಾಯಿಗಲ್ಲ, ಅಟ್ಟದ ಅಂಕಣಕ್ಕೆ. ಅಕ್ಕನ ಮಗ ಆ ಕೂಡಲೇ ಮೂರು ಸಾಲು ಅಳಿಸಿ ಹೊಸದಾಗಿ ಬರೆದ. ಟೈಮರ್ ಈಗ ಅಟ್ಟದ ಬ್ಲಾಕಿನಲ್ಲಿದೆ.

ಹಿತ್ತಿಲ ಕಡೆಯಿಂದ ಅಜ್ಜಿ ಬಂದರು, ಸೆರಗಿನಲ್ಲಿ ಎರಡು ಹಿಡಿ ಕಡಲೆಕಾಯಿ. ಉರುವಲಿನ ಪುಟ ಅವರ ಪಾಲಿಗೆ. ಗೇಮಿನ ಒಲೆಯಲ್ಲಿ ಕಲ್ಲಿದ್ದಲ ಒಂದು ಗಟ್ಟಿ 40 ಸೆಕೆಂಡು ಉರಿಯುತ್ತದೆ. ಹಾಗಾದರೆ ಗರಿ, ಚಿಪ್ಪು, ಮಟ್ಟೆ ಎಷ್ಟೆಷ್ಟು? ಅಜ್ಜಿ ನಿಂತಲ್ಲೇ ಹೇಳಿದರು: ‘ಗರಿ ಭಗ್ ಅಂತ ಹತ್ತಿ ಬೂದಿಯಾಯ್ತದೆ, ಒಲೆ ಹಚ್ಚಾಕೆ ಅಷ್ಟೇ. ಚಿಪ್ಪಿಗೆ ಉರಿ ಜೋರು. ಮಟ್ಟೆ ಹಂಗಲ್ಲ ಮಗಾ, ಸಂಜೆ ಹಂಡೆ ಒಲೆಗೆ ಇಟ್ರೆ ಬೆಳಗ್ಗೆ ಕೆದಕಿದ್ರೂ ಕೆಂಡ ಇರ್ತದೆ.’ ಆ ಮಾತಿನ ಪ್ರಕಾರವೇ ಅಂಕಿ ಬಿತ್ತು: ಗರಿಗೆ 5, ಚಿಪ್ಪಿಗೆ 30, ಮಟ್ಟೆಗೆ 80 ಸೆಕೆಂಡು. ಚಿಪ್ಪನ್ನು ಗಾಳಿಯಾಡದಂತೆ ಸುಟ್ಟರೆ ಇದ್ದಲು. ಇಸ್ತ್ರಿ ಪೆಟ್ಟಿಗೆಗೆ ಅದೇ ಬೇಕು ಎಂದೂ ಅಜ್ಜಿ ಸೇರಿಸಿದರು. ಮರದ ಯಾವ ಭಾಗವೂ ವ್ಯರ್ಥವಲ್ಲ ಎಂದು ಪಾಠದ ಪುಸ್ತಕದಲ್ಲಿ ಓದುವುದಕ್ಕೂ ಮೂರು ಬಗೆಯ ಬೆಂಕಿಯ ಬಗ್ಗೆ ಅಜ್ಜಿಯ ಬಾಯಲ್ಲಿ ಕೇಳುವುದಕ್ಕೂ ಬಹಳ ಅಂತರವಿದೆ.

ಮೂರು ಮೂರರ ಒಂಬತ್ತು ಮನೆಗಳಲ್ಲಿ ಸಾಮಾನು ಜೋಡಿಸಿ ಹೊಸ ವಸ್ತು ಪಡೆಯುವುದು ಈ ಗೇಮಿನ ಪದ್ಧತಿ. ಗರಿಯ ಕಡ್ಡಿ ಮೂರು, ನಾರಿನ ಹಗ್ಗ ಒಂದು: ಪೊರಕೆ. ಹೆಣೆದ ಗರಿ ಒಂಬತ್ತು: ಮದುವೆ ಚಪ್ಪರದ ಒಂದು ತಟ್ಟಿ. ಇಷ್ಟಾಗುವಾಗ ತಂಗಿಗೆ ಆಟಿಕೆಗಳು ನೆನಪಾದವು. ಒಣಗಿ ಬಿದ್ದ ಎಡೆಮಟ್ಟೆ ಕೆತ್ತಿದರೆ ಕ್ರಿಕೆಟ್ ಬ್ಯಾಟು. ಅಗಲವಾದ ಮಟ್ಟೆಯ ಮೇಲೆ ಒಬ್ಬನನ್ನು ಕೂರಿಸಿ ಗರಿ ಹಿಡಿದು ಎಳೆದರೆ ಬಂಡಿ. ಹಸಿ ಗರಿಯನ್ನು ಸುತ್ತಿದರೆ ಪೀಪಿ, ಮಡಚಿದರೆ ಕೈಗಡಿಯಾರ, ಕಡ್ಡಿಗೆ ಸಿಕ್ಕಿಸಿದರೆ ಗಿರಿಗಿಟ್ಟಲೆ. ಎರಡು ಚಿಪ್ಪಿಗೆ ದಾರ ಕಟ್ಟಿದರೆ ತಕ್ಕಡಿ. ಉದುರಿದ ಕುರುಂಬೆಗೆ ಕಡ್ಡಿ ಚುಚ್ಚಿದರೆ ಗಾಡಿಯ ಚಕ್ರ. ಈ ಸೀಮೆಯ ಮಕ್ಕಳು ತಲೆಮಾರುಗಳಿಂದ ತೆಂಗಿನಮರಕ್ಕೆ ಮಾಡ್ ಬರೆಯುತ್ತಲೇ ಬಂದಿದ್ದಾರೆ. ಕಂಪ್ಯೂಟರ್ ಇರಲಿಲ್ಲ ಅಷ್ಟೆ.

ಗೇಮ್ ಅಂದಮೇಲೆ ಶತ್ರು ಬೇಕು. ಕತ್ತಲಲ್ಲಿ ಓಡಾಡುವ ಭೂತಗಳ ಬದಲು ಇವರು ಹುಳುಗಳನ್ನು ಆರಿಸಿಕೊಂಡಿದ್ದಾರೆ. ತೋಟದ ತುದಿಯಲ್ಲಿ ಗರಿಗಳೆಲ್ಲ ಬೆಂಕಿ ತಾಗಿದಂತೆ ಕಂದಿದ ಒಂದು ಮರವಿದೆ, ನೋಡಿ. ಅದು ಕಪ್ಪುತಲೆ ಹುಳುವಿನ ಕೆಲಸ. ಗರಿಯ ಅಡಿಭಾಗದಲ್ಲಿ ಜಾಡು ಕಟ್ಟಿಕೊಂಡು ಹಸಿರನ್ನೆಲ್ಲ ಕೆರೆದು ತಿನ್ನುತ್ತದೆ. ಕೆಂಪುಮೂತಿ ಹುಳು ಇನ್ನೂ ಕೆಟ್ಟದ್ದು, ಕಾಂಡದ ಒಳಗೇ ಇರುತ್ತದೆ. ಕಾಂಡಕ್ಕೆ ಕಿವಿಯಿಟ್ಟು ಕೇಳಿದರೆ ಅಗಿಯುವ ಸದ್ದು ಬರುವಷ್ಟರಲ್ಲಿ ಬಹಳ ಸಲ ಹೊತ್ತು ಮೀರಿರುತ್ತದೆ. ನುಸಿ ಹತ್ತಿದ ಕಾಯಿಯ ಮೇಲೆ ಕಂದು ಕಲೆ, ಕಾಂಡ ಸೋರುವ ರೋಗಕ್ಕೆ ಕೆಂಗಪ್ಪು ಅಂಟು. ಇವುಗಳನ್ನು ಕತ್ತಿಯಿಂದ ಹೊಡೆಯಲಾಗದು. ಕಪ್ಪುತಲೆ ಹುಳುವಿಗೆ ತೋಟಗಾರಿಕೆ ಇಲಾಖೆಯವರು ಪ್ರಯೋಗಾಲಯದಲ್ಲಿ ಸಾಕಿ ಕೊಡುವ ಗೋನಿಯೋಜಸ್ ಎಂಬ ಪುಟ್ಟ ಕಣಜವಿದೆ. ಇರುವೆಯಷ್ಟೇ ಗಾತ್ರ. ಹುಳುವನ್ನು ಹುಡುಕಿ ಕುಟುಕಿ, ಅದರ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿಗಳು ಹುಳುವನ್ನೇ ತಿಂದು ಬೆಳೆಯುತ್ತವೆ. ಹಾಗಾಗಿ ಇವರ ಗೇಮಿನ ಅತಿ ಬಲವಾದ ಆಯುಧ ಒಂದು ಗಾಜಿನ ನಳಿಕೆ. ಮರದ ಬುಡದಲ್ಲಿ ಅದರ ಮುಚ್ಚಳ ತೆಗೆದು ಕಾಯಬೇಕು, ಸುತ್ತಲ ಮರಗಳಿಗೆ ಅದು ತಾನೇ ಹರಡಬೇಕು. ಒಬ್ಬನೇ ಬಿಟ್ಟರೆ ಸಾಲದು, ಪಕ್ಕದ ತೋಟದವನೂ ಬಿಡಬೇಕು ಎಂಬ ನಿಯಮ ಸೇರಿಸಿದವಳು ಚಿಕ್ಕನಾಯಕನಹಳ್ಳಿಯ ಹುಡುಗಿ. ನನಗೆ ಇಡೀ ಪಟ್ಟಿಯಲ್ಲಿ ಬಹಳ ಹಿಡಿಸಿದ ಐಟಂ ಅದು.

ಬೋರ್‌ವೆಲ್ ಬೇಡ ಅಂದರೂ ಬಂದೇ ಬಂತು. ಸಾವಿರ ಅಡಿ ಅಂದರೆ ಸುಮಾರು 300 ಬ್ಲಾಕ್ ಆಳ. ಗೇಮಿನ ನೆಲ 30,000 ಬ್ಲಾಕಿಗೂ ಕೆಳಕ್ಕೆ ಹೋಗುತ್ತದೆ, ಕೊರೆಯಲು ಅಡ್ಡಿಯಿಲ್ಲ. ನೀರು ಸಿಗುತ್ತದೆಂಬ ಖಾತರಿಯೂ ಇಲ್ಲ. ಅದಕ್ಕೆ ಜೋಡಿಯಾಗಿ ಮರದ ಬುಡಕ್ಕೆ ಮಟ್ಟೆ ಹೂಳುವ ಕೆಲಸವನ್ನೂ ಇಟ್ಟರು. ಬುಡದಲ್ಲಿ ಹೂತ ಮಟ್ಟೆ ತೇವ ಹಿಡಿದಿಡುತ್ತದೆ. ಹಾಗೆ ಮಟ್ಟೆ ಹೂತ ಆಟಗಾರನ ಮರ ಬೇಸಿಗೆಯಲ್ಲಿ ಕುರುಂಬೆ ಉದುರಿಸುವುದಿಲ್ಲ. ಅಲ್ಲಿಗೆ ಮಟ್ಟೆಯನ್ನು ಒಲೆಗೆ ಹಾಕಬೇಕೋ ಬುಡಕ್ಕೆ ಹಾಕಬೇಕೋ ಎಂಬ ಇನ್ನೊಂದು ಆಯ್ಕೆ ಆಟಗಾರನ ಮುಂದೆ ಬಂದು ಕೂತಿತು.

ಕೊನೆಯ ಪುಟ ಮಾರುಕಟ್ಟೆಯದು. ತಿಪಟೂರು ಎಪಿಎಂಸಿಯ ಅಂಗಳವನ್ನು ಈ ನಾಲ್ವರೂ ಬಲ್ಲರು. ಸುರಿದ ಗಿಟಕಿನ ರಾಶಿ, ಕೈಯಲ್ಲಿ ಹೊರಳಿಸಿ ನೋಡುವ ವರ್ತಕರು, ಉತ್ತರದ ರಾಜ್ಯಗಳಿಗೆ ಹೊರಡುವ ಲಾರಿಗಳು, ಟೆಂಡರ್ ದರ ತಿಳಿಯುವವರೆಗೆ ಚಹಾ ಅಂಗಡಿಯ ಮುಂದೆ ನಿಂತ ರೈತರು. ಗೇಮಿನ ವಸ್ತುವಿಗೆ ಸಾಮಾನ್ಯವಾಗಿ ಒಂದೇ ಬೆಲೆ. ಇಲ್ಲಿಯ ಕೊಬ್ಬರಿಗೆ ಹಾಗಿಲ್ಲ. 2023ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆಯಲ್ಲಿ ದರ 10,000ಕ್ಕಿಂತ ಕೆಳಗೆ ಬಿದ್ದು ರೈತರು ಬೀದಿಗಿಳಿದರು. 2025ರಲ್ಲಿ ಬೆಂಬಲ ಬೆಲೆ 12,100 ಇದ್ದಾಗ ಮಾರುಕಟ್ಟೆ ದರ 20,000ವನ್ನೂ ದಾಟಿ ಹೋಯಿತು. ಅದಕ್ಕೇ ‘ಕೊಬ್ಬರಿ ಚೀಲ’ ಎಂಬ ಐಟಮ್ಮಿಗೆ ಬೆಲೆಯ ಮನೆಯನ್ನು ಖಾಲಿ ಬಿಟ್ಟಿದ್ದಾರೆ. ದಿನ ಬದಲಾದಂತೆ ಬೆಲೆ ಬದಲಾಗಬೇಕು, ಮಾರುವುದೋ ಇಟ್ಟುಕೊಳ್ಳುವುದೋ ಎಂದು ಆಟಗಾರ ರಾತ್ರಿಯೆಲ್ಲ ಯೋಚಿಸಬೇಕು. ಈ ಸಾಲು ಬರೆಯುವಾಗ ಅಕ್ಕನ ಮಗ ಅಪ್ಪನ ಮುಖ ನೋಡಿದ. ಭಾವ ಏನೂ ಹೇಳದೆ ಇನ್ನೊಂದು ಕಾಯಿ ಎತ್ತಿ ಅಲ್ಲಾಡಿಸಿದರು.

ಇಷ್ಟೆಲ್ಲ ಆದಮೇಲೆ ಹೆಸರಿಡುವ ಹೊತ್ತಿಗೆ ಒಂದು ಗೋಡೆ ಎದುರಾಯಿತು. ಲುವಾಂಟಿಗೆ ಕನ್ನಡದ ಅನುವಾದವನ್ನು ಯಾರೋ ಪುಣ್ಯಾತ್ಮರು ಶುರುಮಾಡಿದ್ದರು. ಆದರೆ ಗೇಮಿನ ಪರದೆ ಕನ್ನಡದ ಒತ್ತು, ಗುಣಿತಗಳನ್ನು ಸರಿಯಾಗಿ ಕೂಡಿಸಿ ತೋರಿಸದ ಕಾರಣಕ್ಕೆ ಭಾಷೆಗಳ ಪಟ್ಟಿಯಿಂದ ಕನ್ನಡವನ್ನು ಹೊರಗಿಟ್ಟಿದ್ದರು. ಹಿಂದಿ, ಅರೇಬಿಕ್ ಭಾಷೆಗಳ ಗತಿಯೂ ಅದೇ ಆಗಿತ್ತು. ‘ಕೊಬ್ಬರಿ’ ಎಂದು ಬರೆದರೆ ‘ಬ’ಕ್ಕೆ ಒತ್ತು ಕೂಡುವುದಿಲ್ಲ. ಸದ್ಯಕ್ಕೆ ಇಂಗ್ಲಿಷ್ ಅಕ್ಷರದಲ್ಲೇ ‘ಗಿಟಕು’, ‘ದೋಟಿ’, ‘ಅಟ್ಟ’ ಎಂದು ಬರೆಯುವುದೆಂದು ತೀರ್ಮಾನವಾಗಿದೆ. ಅರ್ಥ ಹೇಳುವ ಹೊಣೆಯೆಲ್ಲ ಈಗ ಚಿತ್ರದ ಮೇಲೆ. ಆ ಚಿತ್ರದ ಅಗಲ 16 ಚುಕ್ಕಿ, ಎತ್ತರ 16 ಚುಕ್ಕಿ, ಒಟ್ಟು 256. ಅಷ್ಟರಲ್ಲೇ ಗಿಟಕಿನ ಕಂದು ಸಿಪ್ಪೆ, ಮೇಲಿನ ಸುಕ್ಕು, ಒಂದು ಕಡೆ ಬೆಳಕು ಎಲ್ಲ ಬರಬೇಕು. ತಂಗಿ ಒಂದು ಗಿಟಕನ್ನು ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟುಕೊಂಡು ಚುಕ್ಕಿ ಚುಕ್ಕಿಯಾಗಿ ತುಂಬುತ್ತಿದ್ದಾಳೆ. ಅವಳು ಮೊದಲು ಬಳಿದ ಬಿಳಿ ಬಣ್ಣವನ್ನು ಅಳಿಸಿದಳು. ಬಿಳುಪು ಒಳಗಿರುವುದು, ಹೊರಗೆ ಕಂದು. ಪೇಟೆಯಲ್ಲಿ ಹೋಳು ಕೊಬ್ಬರಿ ಮಾತ್ರ ನೋಡಿದವರಿಗೆ ಈ ವ್ಯತ್ಯಾಸ ಹೊಳೆಯುವುದಿಲ್ಲ.

ತುಮಕೂರು ಜಿಲ್ಲೆ ತೆಂಗಿನಲ್ಲಿ ರಾಜ್ಯಕ್ಕೇ ಮುಂದು. ಆದರೆ ಹಾರೆಯ ಜಾಗಕ್ಕೆ ಸುಲಿಯುವ ಯಂತ್ರ ಬರುತ್ತಿದೆ, ಅಟ್ಟಕ್ಕೆ ಏರಬೇಕಿದ್ದ ಕಾಯಿಯಲ್ಲಿ ಒಂದಷ್ಟು ಎಳನೀರಾಗಿಯೇ ಲಾರಿ ಹತ್ತುತ್ತಿದೆ, ಹಂಡೆ ಒಲೆಯ ಜಾಗದಲ್ಲಿ ಗೀಸರ್ ಬಂದಿದೆ. ಇದರಲ್ಲಿ ತಪ್ಪೇನಿಲ್ಲ, ಸೊಂಟ ನೋವು ತಿಂದವರಿಗೇ ಅದರ ಬೆಲೆ ಗೊತ್ತು. ಕಾಯಿಯ ಸದ್ದು ಕೇಳಿ ಕಾಲ ಹೇಳುವ ಕಿವಿ, ಮೂರು ಬೆಂಕಿಯ ಗುಣ ಬಲ್ಲ ಕೈ, ಕೊಯ್ಲಿಗೊಂದು ಅಂಕಣ ಎಂಬ ಲೆಕ್ಕ, ಇವು ಯಾವ ಪುಸ್ತಕದಲ್ಲೂ ಪೂರ್ತಿಯಾಗಿ ಇಲ್ಲ. ಒಂದು ಗೇಮಿನ ಐಟಂ ಪಟ್ಟಿ ಇವನ್ನು ಕೇಳಿ ಬರೆದುಕೊಳ್ಳಲು ಒಳ್ಳೆಯ ನೆಪ. ಏಕೆಂದರೆ ಗೇಮ್ ಎಲ್ಲದಕ್ಕೂ ಖಚಿತ ಉತ್ತರ ಬೇಡುತ್ತದೆ: ಎಷ್ಟು ದೂರ, ಎಷ್ಟು ಹೊತ್ತು, ಯಾವುದರಿಂದ, ಸವೆದರೆ ಮುಂದೇನು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಾಲೇಜು ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ. ಗೇಮಿಗೆ ಐಡಿಯಾ ಬೇಕೆಂದು ಪರದೆಯಲ್ಲಿ ಹುಡುಕುವ ಮೊದಲು ಮನೆಯ ಹಿರಿಯರ ಪಕ್ಕ ನೋಟ್‌ಬುಕ್ ಹಿಡಿದು ಕೂರಿ. ನಾಲ್ಕು ಪ್ರಶ್ನೆ ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ. ಮಿಕ್ಕಿದ್ದು ಕಷ್ಟವಲ್ಲ: ಒಂದು ಫೋಲ್ಡರ್, ಎರಡು ಪುಟ್ಟ ಕಡತ, 256 ಚುಕ್ಕಿಯ ಒಂದು ಚಿತ್ರ ಇದ್ದರೆ ಲುವಾಂಟಿಯಲ್ಲಿ ನಿಮ್ಮ ಮೊದಲ ಐಟಂ ತಯಾರು, ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.